ಸೊರಗಿದ ಮಾಲ್ ಸಂತೆಯಾದ ಬಗೆ: ಸ್ಪೆನ್ಸರ್‌ಗೆ ಸಿಗದ ಮದ್ದು, ಕನ್ನಡ ಸಂಘಗಳಿಗೊಂದು ಲೆಕ್ಕ

ಚೆನ್ನೈ: ಊರಿನಿಂದ ನೆಂಟರು ಬಂದರೆ ಮರೀನಾ, ಕಪಾಲೀಶ್ವರ ದೇವಸ್ಥಾನ, ಆಮೇಲೆ ಸ್ಪೆನ್ಸರ್ ಪ್ಲಾಜಾ. 1990ರ ದಶಕದಲ್ಲಿ ಚೆನ್ನೈ ಕನ್ನಡಿಗರ ಮನೆಗಳಲ್ಲಿ ಇದು ನಿಶ್ಚಿತ ಕಾರ್ಯಕ್ರಮವಾಗಿತ್ತು. ಎಸ್ಕಲೇಟರ್ ಹತ್ತಲು ಹೆದರುವ ಅಜ್ಜಿಯ ಕೈ ಹಿಡಿದು ಮೇಲಕ್ಕೆ ಕರೆದೊಯ್ದ ಮೊಮ್ಮಕ್ಕಳು ಈಗ ನಲವತ್ತು ದಾಟಿದ್ದಾರೆ. ಅವರ ಮಕ್ಕಳಿಗೆ ಸ್ಪೆನ್ಸರ್ ಎಂದರೆ ಬಸ್ ನಿಲ್ದಾಣದ ಹೆಸರು. ಶಟರ್ ಎಳೆದ ಮಳಿಗೆಗಳ ಸಾಲು, ಕಚೇರಿಗಳಾಗಿ ಬದಲಾದ ಮಹಡಿಗಳು, ಗಿರಾಕಿಗಾಗಿ ಬಾಗಿಲಲ್ಲೇ ಕಾಯುವ ಕರಕುಶಲ ವಸ್ತುಗಳ ವ್ಯಾಪಾರಿಗಳು: ದೇಶದ ಮೊದಲ ಮಾಲ್ ಎಂದು ಹೆಸರಾದ ಕಟ್ಟಡದ ಇಂದಿನ ಚಿತ್ರ ಇದು.

ಸೊರಗಿದ ಮಾಲ್ ಮತ್ತೆ ಚಿಗುರಲು ಸಾಧ್ಯವೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಒಂದು ಉತ್ತರ ದೊರೆತಿದೆ. ಆ ಉತ್ತರ ಕಂಡುಕೊಂಡವರು ಅಲ್ಲಿಗೆ ವಲಸೆ ಬಂದವರು ಎಂಬುದು ಹೊರನಾಡ ಕನ್ನಡಿಗರಿಗೆ ಇದನ್ನು ಇನ್ನಷ್ಟು ಹತ್ತಿರವಾಗಿಸುತ್ತದೆ.

ಫೋರ್ಟ್ ವರ್ತ್‌ನಲ್ಲಿ ನಡೆದದ್ದು

2018ರಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದ ಡಲ್ಲಾಸ್ ನಗರದ ಪಕ್ಕದಲ್ಲೇ ಇದೆ ಫೋರ್ಟ್ ವರ್ತ್. ಅಲ್ಲಿನ ದಕ್ಷಿಣ ಭಾಗದಲ್ಲಿ 1962ರಲ್ಲಿ ‘ಸೆಮಿನರಿ ಸೌತ್’ ಎಂಬ ದೊಡ್ಡ ವ್ಯಾಪಾರ ಸಂಕೀರ್ಣ ತೆರೆಯಿತು. ಸಿಯರ್ಸ್‌ನಂತಹ ಹೆಸರಾಂತ ಕಂಪೆನಿಗಳ ಮಳಿಗೆಗಳು ಅಲ್ಲಿದ್ದವು. 1980ರ ದಶಕದಲ್ಲಿ ಮೇಲೆ ಸೂರು ಹಾಕಿಸಿ, ‘ಫೋರ್ಟ್ ವರ್ತ್ ಟೌನ್ ಸೆಂಟರ್’ ಎಂದು ಹೆಸರು ಬದಲಿಸಿ ಹೊಸ ಕಳೆ ತರುವ ಪ್ರಯತ್ನ ನಡೆಯಿತು. ಫಲ ಮಾತ್ರ ಸಿಗಲಿಲ್ಲ. ಸುತ್ತಲಿನ ಬಡಾವಣೆಗಳ ಹಳೆಯ ನಿವಾಸಿಗಳು ದೂರದ ಹೊಸ ಬಡಾವಣೆಗಳಿಗೆ ಹೋದರು. ಅವರ ಹಿಂದೆಯೇ ದೊಡ್ಡ ಮಳಿಗೆಗಳೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. 2000ದ ದಶಕದ ಆರಂಭಕ್ಕೆ ಮಾಲ್ ಬಹುಪಾಲು ಖಾಲಿಯಾಗಿತ್ತು.

ಆದರೆ ಊರು ಖಾಲಿಯಾಗಿರಲಿಲ್ಲ. ಹಳಬರು ಬಿಟ್ಟ ಮನೆಗಳಿಗೆ ಮೆಕ್ಸಿಕೊ ಮೂಲದ ಕುಟುಂಬಗಳು ಬಂದು ನೆಲೆಸಿದ್ದವು. ಕಟ್ಟಡ ಕೆಲಸ, ಹೋಟೆಲ್ ಕೆಲಸ, ಸಣ್ಣ ಕಾರ್ಖಾನೆ ಕೆಲಸ ಮಾಡುವ ಸಂಸಾರಗಳು ಅವು. ಮಕ್ಕಳು ಹೆಚ್ಚು, ಉಳಿತಾಯ ಕಡಿಮೆ, ಹಬ್ಬ ಹರಿದಿನಕ್ಕೆ ಖರ್ಚು ಮಾಡಲು ಮಾತ್ರ ಹಿಂದೆ ಮುಂದೆ ನೋಡದವರು. ಮಾಲ್‌ನವರ ಲೆಕ್ಕದಲ್ಲಿ ಇವರು ಗಿರಾಕಿಗಳೇ ಆಗಿರಲಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ, ತಾವೂ ಮೆಕ್ಸಿಕೊದಿಂದ ವಲಸೆ ಬಂದಿದ್ದ ಹೊಸೆ ದೆ ಹೆಸುಸ್ ಲೆಗಾಸ್ಪಿ ಎಂಬ ಉದ್ಯಮಿ ಇತರ ಪಾಲುದಾರರೊಂದಿಗೆ ಸೇರಿ 2004ರ ಸುಮಾರಿಗೆ ಈ ಮಾಲ್‌ನ ಹೊಣೆ ಹೊತ್ತರು. ಅದಕ್ಕೆ ‘ಲಾ ಗ್ರಾನ್ ಪ್ಲಾಸಾ’ ಎಂಬ ಹೊಸ ಹೆಸರು ಬಂತು. ಸ್ಪ್ಯಾನಿಷ್ ಭಾಷೆಯಲ್ಲಿ ಪ್ಲಾಸಾ ಎಂದರೆ ಊರ ನಡುವಿನ ಚೌಕ. ಚರ್ಚು, ಸಂತೆ, ಹರಟೆ ಕಟ್ಟೆ, ಹಬ್ಬದ ಮೆರವಣಿಗೆ ಎಲ್ಲವೂ ಅಲ್ಲೇ. ಉಡುಪಿಯ ರಥಬೀದಿ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹೆಸರು ಬದಲಾವಣೆ ಮಾತ್ರ ಆಗಿದ್ದರೆ ಹಿಂದಿನಂತೆ ಇದೂ ವಿಫಲವಾಗುತ್ತಿತ್ತು. ನಿಜವಾದ ಕೆಲಸ ನಡೆದದ್ದು ಮಳಿಗೆಗಳ ಅಳತೆಯಲ್ಲಿ. ದೊಡ್ಡ ಕಂಪೆನಿ ಬಿಟ್ಟುಹೋದ ವಿಶಾಲ ಜಾಗಕ್ಕೆ ಮತ್ತೊಂದು ದೊಡ್ಡ ಕಂಪೆನಿ ಹುಡುಕುತ್ತಾ ವರ್ಷಗಟ್ಟಲೆ ಕಾಯುವುದು ಮಾಲ್ ಮಾಲೀಕರ ಹಳೆಯ ರೂಢಿ. ಇಲ್ಲಿ ಹಾಗೆ ಮಾಡದೆ ಆ ಜಾಗವನ್ನು ಚಿಕ್ಕ ಚಿಕ್ಕ ಅಂಗಡಿಗಳಾಗಿ ವಿಂಗಡಿಸಿ ‘ಮೆರ್ಕಾಡೊ’, ಅಂದರೆ ಸಂತೆ ಮಾಡಲಾಯಿತು. ಹಿಂದೆ ತಳ್ಳುಗಾಡಿಯಲ್ಲೋ ವಾರದ ಸಂತೆಯಲ್ಲೋ ಮಾರುತ್ತಿದ್ದವರಿಗೆ ಕೈಗೆಟಕುವ ಬಾಡಿಗೆಯಲ್ಲಿ ಜಾಗ ಸಿಕ್ಕಿತು. ಕುದುರೆ ಸವಾರರ ಬೂಟು, ಅಗಲ ಅಂಚಿನ ಟೊಪ್ಪಿ, ಚಿನ್ನದ ಸರ, ತಾಯ್ನಾಡಿಗೆ ಹಣ ಕಳುಹಿಸುವ ಕೌಂಟರ್, ಹಲ್ಲಿನ ವೈದ್ಯರು, ತೆರಿಗೆ ಅರ್ಜಿ ತುಂಬಿಕೊಡುವವರು ಎಲ್ಲರೂ ಒಂದೇ ಸೂರಿನಡಿ ಬಂದರು. ಹೆಣ್ಣು ಮಗುವಿಗೆ ಹದಿನೈದು ತುಂಬಿದಾಗ ಮೆಕ್ಸಿಕೊದವರು ನಡೆಸುವ ‘ಕಿನ್ಸೆಆನ್ಯೆರಾ’ ಎಂಬ ಸಮಾರಂಭಕ್ಕೆ ಮದುವೆಯಷ್ಟೇ ಖರ್ಚಾಗುವುದುಂಟು. ಅದರ ಉದ್ದನೆಯ ನಿಲುವಂಗಿಗಳನ್ನು ಮಾರುವ ಅಂಗಡಿಗಳೇ ಇಂತಹ ಮಾಲ್‌ಗಳ ಮುಖ್ಯ ಆಕರ್ಷಣೆ. ಹಿಂದಿನ ಕಂಪೆನಿ ಮಳಿಗೆಗಳಲ್ಲಿ ಈ ಒಂದು ಉಡುಪನ್ನು ಇಟ್ಟಿದ್ದರೂ ಗಿರಾಕಿ ಬರುತ್ತಿದ್ದರೇನೋ. ಇಡಲು ಯಾರಿಗೂ ತೋಚಲಿಲ್ಲ, ಅಷ್ಟೆ.

ಎರಡನೆಯದು ಭಾನುವಾರ. ಅಮೆರಿಕದ ಸಾಮಾನ್ಯ ಮಾಲ್ ಒಬ್ಬೊಬ್ಬರೇ ಬಂದು ಕೊಂಡು ಹೋಗಲೆಂದು ರೂಪುಗೊಂಡದ್ದು. ಮೆಕ್ಸಿಕೊ ಮೂಲದ ಕುಟುಂಬ ಬರುವುದು ಅಜ್ಜ ಅಜ್ಜಿ, ಕೈಗೂಸು ಸಮೇತ, ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು. ಅವರಿಗಾಗಿ ನಡುವಣ ಅಂಗಳದಲ್ಲಿ ವೇದಿಕೆ ಕಟ್ಟಿ ಮರಿಯಾಚಿ ಸಂಗೀತ, ಜಾನಪದ ಕುಣಿತ ಏರ್ಪಡಿಸಲಾಯಿತು. ಪ್ರವೇಶ ಉಚಿತ. ಬಂದವರು ಮೂರು ನಾಲ್ಕು ಗಂಟೆ ಕುಳಿತರೆ ಊಟವನ್ನೂ ಅಲ್ಲೇ ಮಾಡುತ್ತಾರೆ, ಮಗುವಿಗೆ ಚಪ್ಪಲಿಯನ್ನೂ ಅಲ್ಲೇ ಕೊಳ್ಳುತ್ತಾರೆ ಎಂಬುದು ಸರಳ ಲೆಕ್ಕ. ಖಾಲಿ ಬಿದ್ದಿದ್ದ ಮಾಲ್ ಕೆಲವೇ ವರ್ಷಗಳಲ್ಲಿ ತುಂಬಿತು. ಹಳೆಯ ಮಾಲ್‌ಗಳನ್ನು ಹೀಗೆ ಮಾರ್ಪಡಿಸುವುದನ್ನೇ ಲೆಗಾಸ್ಪಿ ಮುಂದೆ ಬೇರೆ ನಗರಗಳಲ್ಲೂ ಕಸುಬಾಗಿಸಿಕೊಂಡರು.

ಇದು ಅವರೊಬ್ಬರ ಸಾಧನೆಯಲ್ಲ. ಅಟ್ಲಾಂಟಾ ನಗರದ ಹೊರವಲಯದ ಬ್ಯೂಫರ್ಡ್ ಹೆದ್ದಾರಿಯಲ್ಲಿ 1960ರ ದಶಕದ ಒಂದು ಹಳೆಯ ಮಾಲ್ 2000ದಲ್ಲೇ ‘ಪ್ಲಾಸಾ ಫಿಯೆಸ್ತಾ’ ಆಗಿತ್ತು. ಲಾಸ್ ಏಂಜಲೀಸ್ ಬಳಿಯ ಲಿನ್‌ವುಡ್‌ನಲ್ಲಿ ‘ಪ್ಲಾಸಾ ಮೆಕ್ಸಿಕೊ’ ಇದೆ. ಮೆಕ್ಸಿಕೊ ನಗರದ ಸ್ವಾತಂತ್ರ್ಯ ಸ್ಮಾರಕದ ಪ್ರತಿಕೃತಿಯನ್ನು ಅಲ್ಲಿ ನಿಲ್ಲಿಸಲಾಗಿದೆ. ಅದನ್ನು ಕಟ್ಟಿಸಿದವರು ಮೆಕ್ಸಿಕೊದವರಲ್ಲ, ಕೊರಿಯಾ ಮೂಲದ ಚೇ ಸಹೋದರರು. ಜನರನ್ನು ಅರಿಯಲು ಅದೇ ಜಾತಿ, ಅದೇ ಭಾಷೆಯವರೇ ಆಗಬೇಕೆಂದಿಲ್ಲ. ಈ ಮಾತನ್ನು ಮದರಾಸಿನ ಉಡುಪಿ ಹೋಟೆಲಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಮುಂದೆ ಬರುತ್ತದೆ.

ಸ್ಪೆನ್ಸರ್ ಏಕೆ ಹೀಗಾಯಿತು?

ಸ್ಪೆನ್ಸರ್ ಕಂಪೆನಿ ಮದರಾಸಿನಲ್ಲಿ ಹುಟ್ಟಿದ್ದು 1863ರ ಸುಮಾರಿಗೆ. ಮೌಂಟ್ ರೋಡಿನ ಅದರ ಕೆಂಪು ಕಟ್ಟಡ 19ನೇ ಶತಮಾನದ ಕೊನೆಯಲ್ಲಿ ಎದ್ದು ನಿಂತಿತು. ಬ್ರಿಟಿಷ್ ಅಧಿಕಾರಿಗಳ ಮನೆಗಳಿಗೆ ಚೀಸ್, ಸಿಗಾರ್, ಸೋಡಾ ಒದಗಿಸುತ್ತಿದ್ದ ಅಂಗಡಿ ಅದು. 1983ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ ಅದೇ ಜಾಗದಲ್ಲಿ ಎದ್ದ ಹೊಸ ಸಂಕೀರ್ಣ 1990ರ ದಶಕದ ಆರಂಭದಲ್ಲಿ ತೆರೆದು ಹಂತ ಹಂತವಾಗಿ ಬೆಳೆಯಿತು. ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿ, ಮ್ಯೂಸಿಕ್ ವರ್ಲ್ಡ್ ಕ್ಯಾಸೆಟ್ ಮಳಿಗೆ, ಕಾಶ್ಮೀರಿ ಶಾಲುಗಳ ಸಾಲು ಅಂಗಡಿಗಳು ಅಂದಿನ ಆಕರ್ಷಣೆ.

2006ರಲ್ಲಿ ಮೈಲಾಪುರದ ಬಳಿ ಸಿಟಿ ಸೆಂಟರ್, 2010ರಲ್ಲಿ ರಾಯಪೇಟೆಯಲ್ಲಿ ಎಕ್ಸ್‌ಪ್ರೆಸ್ ಅವೆನ್ಯೂ, 2013ರಲ್ಲಿ ವೇಳಚೇರಿಯಲ್ಲಿ ಫೀನಿಕ್ಸ್ ಬಂದವು. ಸಿನಿಮಾ, ತಂಪು, ವಾಹನ ನಿಲುಗಡೆ ಎಲ್ಲದರಲ್ಲೂ ಅವು ಮೇಲು. 2019ರ ಫೆಬ್ರವರಿಯಲ್ಲಿ ಮೆಟ್ರೋ ರೈಲು ಅಣ್ಣಾ ಸಾಲೈ ಮಾರ್ಗದಲ್ಲಿ ಓಡತೊಡಗಿ ಎಲ್‌ಐಸಿ ನಿಲ್ದಾಣ ಸ್ಪೆನ್ಸರ್‌ಗೆ ಹತ್ತಿರವೇ ಆಯಿತು. ಹಳೆಯ ಗದ್ದಲ ಮಾತ್ರ ಮರಳಲಿಲ್ಲ.

ಲಾ ಗ್ರಾನ್ ಪ್ಲಾಸಾದ ಮದ್ದು ಇಲ್ಲಿ ಏಕೆ ನಾಟುವುದಿಲ್ಲ ಎಂಬುದಕ್ಕೆ ಒಂದು ಕಾರಣ ಮಾಲೀಕತ್ವದಲ್ಲಿದೆ. ಆ ಕಾಲದ ಭಾರತೀಯ ವ್ಯಾಪಾರ ಸಂಕೀರ್ಣಗಳಲ್ಲಿ ಮಳಿಗೆಗಳನ್ನು ಬಿಡಿಬಿಡಿಯಾಗಿ ಮಾರುವುದು ರೂಢಿ. ಸ್ಪೆನ್ಸರ್ ಕೂಡ ಇದಕ್ಕೆ ಹೊರತಲ್ಲ. ಫೋರ್ಟ್ ವರ್ತ್‌ನಲ್ಲಿ ಒಂದು ಕೈ ಎಲ್ಲವನ್ನೂ ಕೊಂಡು, ಒಂದು ಯೋಚನೆಯಂತೆ ಗೋಡೆ ಒಡೆದು ಕಟ್ಟಲು ಸಾಧ್ಯವಾಯಿತು. ನೂರಾರು ಮಾಲೀಕರಿರುವ ಕಡೆ ಲಿಫ್ಟ್ ರಿಪೇರಿಗೆ ಹಣ ಕೂಡಿಸುವುದೇ ಕಷ್ಟ. ಇನ್ನು ಇಡೀ ಕಟ್ಟಡದ ಸ್ವರೂಪ ಬದಲಿಸುವ ಮಾತೆಲ್ಲಿ? ತಮ್ಮ ಉಳಿತಾಯವನ್ನೆಲ್ಲ ಸುರಿದು ನೂರಿನ್ನೂರು ಚದರಡಿ ಕೊಂಡ ಸಣ್ಣ ವ್ಯಾಪಾರಿ ಇಂದು ಮಾರಲೂ ಆಗದೆ ನಡೆಸಲೂ ಆಗದೆ ಕುಳಿತಿದ್ದಾನೆ.

ಎರಡನೆಯ ಕಾರಣ ನೆರೆಹೊರೆ. ಅಣ್ಣಾ ಸಾಲೈನ ಆ ಭಾಗ ಕಚೇರಿಗಳದ್ದು. ಸಂಜೆ ಏಳಕ್ಕೆ ಖಾಲಿ. ಭಾನುವಾರ ಸಂಸಾರ ಸಮೇತ ನಡೆದು ಬರುವ ದೂರದಲ್ಲಿ ಒಂದೇ ಬಗೆಯ ದೊಡ್ಡ ಜನಸಮುದಾಯವಿಲ್ಲ. ತಿರುವಲ್ಲಿಕ್ಕೇಣಿ ದೂರವೇನಲ್ಲ. ಆದರೆ ಅಲ್ಲಿನವರಿಗೆ ಅಲ್ಲಿನ ಬೀದಿಯೇ ಸಾಕಷ್ಟು ದೊಡ್ಡ ಮಾಲ್.

ಚೆನ್ನೈ ಹಿಂದೆಯೇ ಕಂಡದ್ದು

ವಲಸಿಗರ ಸಂತೆ ಎಂಬುದು ಈ ನಗರಕ್ಕೆ ಹೊಸತಲ್ಲ. 1962ರಲ್ಲಿ ಬರ್ಮಾದಲ್ಲಿ ಸೇನೆ ಅಧಿಕಾರ ಹಿಡಿಯಿತು. 1964ರಲ್ಲಿ ವ್ಯಾಪಾರ ರಾಷ್ಟ್ರೀಕರಣವಾಗಿ ಲಕ್ಷಾಂತರ ಭಾರತೀಯರು ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿದರು. ಅವರಲ್ಲಿ ಬಹಳಷ್ಟು ತಮಿಳರು ಮದರಾಸಿಗೆ ಬಂದಿಳಿದರು. ಅವರ ಹೊಟ್ಟೆಪಾಡಿಗಾಗಿ 1969ರಲ್ಲಿ ಬೀಚ್ ರೈಲು ನಿಲ್ದಾಣದ ಬಳಿ ಸಾಲು ಅಂಗಡಿಗಳಿಗೆ ಅವಕಾಶ ಕೊಡಲಾಯಿತು. ಅದೇ ಬರ್ಮಾ ಬಜಾರ್. ಪಕ್ಕದಲ್ಲೇ ಬಂದರು ಇದ್ದುದರಿಂದ ವಿದೇಶಿ ಟೇಪ್ ರೆಕಾರ್ಡರ್, ವಾಚು, ಸೆಂಟು ಸಿಗುವ ಏಕೈಕ ತಾಣವೆಂದು ಅದಕ್ಕೆ ಹೆಸರಾಯಿತು. 1991ರ ಉದಾರೀಕರಣದ ನಂತರ ವಿದೇಶಿ ಸರಕು ಎಲ್ಲೆಡೆ ಸಿಗತೊಡಗಿದಾಗ ಬಜಾರ್ ಮುಗಿಯಿತೆಂದೇ ಹಲವರು ಅಂದುಕೊಂಡರು. ಅಂಗಡಿಯವರು ಸಿ.ಡಿ.ಗೆ, ಆಮೇಲೆ ಮೊಬೈಲ್ ಬಿಡಿಭಾಗಗಳಿಗೆ ಹೊರಳಿ ಬದುಕಿಕೊಂಡರು. ಸಂಜೆಯಾದರೆ ಆ ರಸ್ತೆಯ ಆಸುಪಾಸಿನ ಗಾಡಿಗಳಲ್ಲಿ ‘ಅತ್ತೊ’ ಎಂಬ ಬರ್ಮಾ ನೂಡಲ್ಸ್ ತಿನ್ನಲು ಜನ ಸೇರುತ್ತಾರೆ. ಅವರಲ್ಲಿ ಬಹುತೇಕರಿಗೆ ಬರ್ಮಾದ ಸಂಬಂಧವೇ ಇಲ್ಲ.

ಇದಕ್ಕೆ ಎದುರು ನಿಲ್ಲುವುದು ಮೂರ್ ಮಾರ್ಕೆಟ್‌ನ ಕಥೆ. ಸೆಂಟ್ರಲ್ ನಿಲ್ದಾಣದ ಪಕ್ಕ 1900ರಲ್ಲಿ ತೆರೆದ ಆ ಮಾರುಕಟ್ಟೆ ಹಳೆಯ ಪುಸ್ತಕ, ಗ್ರಾಮಫೋನ್ ತಟ್ಟೆ, ಸಾಕುಪ್ರಾಣಿಗಳ ವ್ಯಾಪಾರಕ್ಕೆ ಪ್ರಸಿದ್ಧ. 1985ರಲ್ಲಿ ಅದೂ ಬೆಂಕಿಗೆ ಆಹುತಿಯಾಯಿತು. ಅಂಗಡಿಯವರಿಗೆ ಸಮೀಪದ ಲಿಲಿ ಪಾಂಡ್ ಸಂಕೀರ್ಣದಲ್ಲಿ ಜಾಗ ಕೊಟ್ಟರು. ಗೋಡೆ, ಸೂರು, ಅಂಗಡಿ ಸಂಖ್ಯೆ ಎಲ್ಲ ಬಂತು. ರೈಲು ಹತ್ತುವ ಮೊದಲು ಅರ್ಧ ಗಂಟೆ ಅಡ್ಡಾಡಿ ಒಂದು ಪುಸ್ತಕ ಕೊಳ್ಳುತ್ತಿದ್ದ ಜನ ಅಷ್ಟಾಗಿ ಬರಲಿಲ್ಲ.

ಯಾರ ಯೋಜನೆಯೂ ಇಲ್ಲದೆ ಬೆಳೆದದ್ದು ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟ್. ಮಾರ್ವಾಡಿ, ಗುಜರಾತಿ ಕುಟುಂಬಗಳಿಗೆ ಬೇಕಾದ ಪೂಜಾ ಸಾಮಗ್ರಿ, ಮಿಠಾಯಿ, ಮದುವೆ ಬಟ್ಟೆ, ಚಾಟ್ ಎಲ್ಲವೂ ಒಂದೇ ರಸ್ತೆಯಲ್ಲಿ. ಹಬ್ಬದ ವಾರದಲ್ಲಿ ಆ ರಸ್ತೆಯಲ್ಲಿ ತಮಿಳಿಗಿಂತ ಹಿಂದಿಯೇ ಹೆಚ್ಚು ಕೇಳುತ್ತದೆ.

ಕನ್ನಡಿಗರು ಮಾತ್ರ ಬೇರೆ ದಾರಿ ಹಿಡಿದರು

ಇಷ್ಟು ವರ್ಷಗಳಲ್ಲಿ ಮದರಾಸಿನ ಕನ್ನಡಿಗರು ತಮಗಾಗಿ ಇಂತಹ ಒಂದು ಬೀದಿಯನ್ನು ಏಕೆ ಕಟ್ಟಿಕೊಳ್ಳಲಿಲ್ಲ? ಸಾಮರ್ಥ್ಯ ಇಲ್ಲದೆ ಅಲ್ಲ. ಕಡಂದಲೆ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ದಾಸಪ್ರಕಾಶ್ ಪೂನಮಲ್ಲಿ ಹೈರೋಡಿನ ಹೆಗ್ಗುರುತಾಗಿತ್ತು. ಬೀದಿಗೊಂದು ಉಡುಪಿ ಹೋಟೆಲ್ ಇದ್ದ ಕಾಲವೂ ಇತ್ತು. ಆದರೆ ಇವು ಕನ್ನಡಿಗರು ಕನ್ನಡಿಗರಿಗಾಗಿ ನಡೆಸಿದ ಹೋಟೆಲ್‌ಗಳಲ್ಲ. ತಮಿಳು ಗಿರಾಕಿಯ ಬಾಯಿರುಚಿ, ಅವನ ಮಡಿ ಮೈಲಿಗೆ, ಅವನ ಜೇಬು ಎಲ್ಲವನ್ನೂ ಓದಿ ನಡೆಸಿದವು. ಸಾಂಬಾರಿನ ಬೆಲ್ಲ ಕಡಿಮೆಯಾದದ್ದು ಸುಮ್ಮನೆ ಅಲ್ಲ. ಲಿನ್‌ವುಡ್‌ನ ಕೊರಿಯನ್ ಸಹೋದರರ ಹಾದಿಯೇ ಇದು. ಉಡುಪಿಯವರು ಅದನ್ನು ಅರವತ್ತು ಎಪ್ಪತ್ತು ವರ್ಷ ಮೊದಲೇ ಹಿಡಿದಿದ್ದರು.

ಸಂಖ್ಯೆಯೂ ಮುಖ್ಯ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ. 1.78. ಅವರಲ್ಲೂ ಬಹುಪಾಲು ಇರುವುದು ಕೃಷ್ಣಗಿರಿ, ಈರೋಡು, ನೀಲಗಿರಿಯಂತಹ ಗಡಿ ಭಾಗಗಳಲ್ಲಿ. ಚೆನ್ನೈನ ಕನ್ನಡಿಗರು ತ್ಯಾಗರಾಯನಗರ, ಐನಾವರಂ, ಮೈಲಾಪುರ, ಮಾಂಬಲಂ ಎಂದು ಚದುರಿಹೋದವರು. ಫೋರ್ಟ್ ವರ್ತ್‌ನ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗ ಹಿಸ್ಪಾನಿಕ್ ಜನ. ಅವರನ್ನು ನಂಬಿ ಮಾಲ್ ಕಟ್ಟಬಹುದು. ಇಲ್ಲಿ ‘ಕನ್ನಡ ಮಾಲ್’ ಎಂಬ ಕನಸು ಕಾಣುವವರಿದ್ದರೆ ಅದನ್ನು ಕೈಬಿಡುವುದೇ ಲೇಸು.

ಕೈಬಿಡಬೇಕಾಗಿಲ್ಲದ ಒಂದು ಜಾಗವಿದೆ. ಅದು ಸಂಘಗಳ ಸಭಾಂಗಣ. ಸ್ವಂತ ಕಟ್ಟಡವುಳ್ಳ ಸಂಘಗಳಲ್ಲಿ ರಾಜ್ಯೋತ್ಸವ, ಯುಗಾದಿ, ದಾಸರ ಆರಾಧನೆ, ಒಂದೆರಡು ನಾಟಕ, ಇಲ್ಲವೇ ಮದುವೆ ಮುಂಜಿಯ ಬಾಡಿಗೆ ಬಿಟ್ಟರೆ ಸಭಾಂಗಣಕ್ಕೆ ವರ್ಷದ ಬಹುಪಾಲು ಬೀಗ. ಮುಂದಿನ ಸಾಲುಗಳಲ್ಲಿ ಕೂರುವವರು ಎಪ್ಪತ್ತು ದಾಟಿದವರು. ಮಹಾಸಭೆಯ ಕೋರಂಗಾಗಿ ಕಾರ್ಯದರ್ಶಿ ಮನೆಮನೆಗೆ ಫೋನ್ ಮಾಡಬೇಕು. ಮತ್ತೊಂದೆಡೆ ಶೋಳಿಂಗನಲ್ಲೂರು, ಸಿರುಸೇರಿಯ ಸಾಫ್ಟ್‌ವೇರ್ ಕಚೇರಿಗಳಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದ ಯುವ ಸಂಸಾರಗಳಿವೆ. ತ್ಯಾಗರಾಯನಗರಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಪ್ರಯಾಣ ಮಾಡಿ ಅವರು ಭಾಷಣ ಕೇಳಲು ಬರುವುದಿಲ್ಲ. ಬಂದಿಲ್ಲವೆಂದು ದೂರುವುದರಲ್ಲಿ ಸಂಘಗಳು ಹತ್ತು ಹದಿನೈದು ವರ್ಷ ಕಳೆದಿವೆ. ಅವರಿಗೆ ಏನು ಬೇಕೆಂದು ಕೇಳಿದವರು ಕಡಿಮೆ.

ಕೇಳಿದರೆ ಸಿಗುವ ಪಟ್ಟಿ ತೀರಾ ಸಾಮಾನ್ಯದ್ದು. ಬ್ಯಾಡಗಿ ಮೆಣಸಿನಕಾಯಿ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವರೆಕಾಯಿ ಕಾಲದಲ್ಲಿ ಒಂದಿಷ್ಟು ಸೊಗಡಿನ ಅವರೆ. ಮಗುವಿಗೆ ಕನ್ನಡ ಕಾಗುಣಿತ ಪುಸ್ತಕ. ಗೌರಿ ಹಬ್ಬಕ್ಕೆ ಮೊರದ ಬಾಗಿನದ ಸಾಮಾನು. ಮನೆಯಲ್ಲೇ ಹೋಳಿಗೆ, ಚಕ್ಕುಲಿ ಮಾಡಿ ಮಾರುವ ಕನ್ನಡದ ಗೃಹಿಣಿಯರು ಈ ಊರಿನಲ್ಲಿ ಇದ್ದಾರೆ. ಅವರಿಗೆ ಅಂಗಡಿ ಬಾಡಿಗೆ ಕೊಡುವ ಶಕ್ತಿ ಇಲ್ಲ, ತಿಂಗಳಿಗೊಂದು ಭಾನುವಾರ ಒಂದು ಮೇಜಿನ ಬಾಡಿಗೆ ಕೊಡುವ ಶಕ್ತಿ ಇದೆ. ಮೆರ್ಕಾಡೊ ನಿಂತಿರುವುದೂ ಇಂತಹ ಸಣ್ಣ ಲೆಕ್ಕದ ಮೇಲೆಯೇ. ಮೇಜುಗಳ ಪಕ್ಕದಲ್ಲಿ ಮಕ್ಕಳ ಯಕ್ಷಗಾನವೋ ಭಾವಗೀತೆಯೋ ಇದ್ದರೆ ಕಾರ್ಯಕ್ರಮಕ್ಕೆ ಪ್ರೇಕ್ಷಕರನ್ನು ಹುಡುಕುವ ಕಷ್ಟವೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಸಂಘ ಸಾಹಿತ್ಯಕ್ಕಾಗಿ ಇರುವುದು, ಉಪ್ಪಿನಕಾಯಿ ಮಾರಲಿಕ್ಕಲ್ಲ ಎಂದು ಹಿರಿಯರು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಖಾಲಿ ಕುರ್ಚಿಗಳ ಮುಂದೆ ನಡೆಯುವ ಕವಿಗೋಷ್ಠಿಯಿಂದ ಸಾಹಿತ್ಯಕ್ಕೆ ಆಗುವ ಲಾಭವನ್ನೂ ಅವರೇ ಹೇಳಬೇಕು.

ಜಾಗ ಯಾರದು?

ಇಡೀ ಕಥೆಯಲ್ಲಿ ಕಹಿಯಾದ ಭಾಗವೂ ಇದೆ. ಚಿಕಾಗೋದ ಲಿಟಲ್ ವಿಲೇಜ್ ಎಂಬಲ್ಲಿ ಮೆಕ್ಸಿಕೊ ಮೂಲದ ಸಣ್ಣ ವ್ಯಾಪಾರಿಗಳು ದಶಕಗಳಿಂದ ನಡೆಸುತ್ತಿದ್ದ ‘ಡಿಸ್ಕೌಂಟ್ ಮಾಲ್’ 2020ರಲ್ಲಿ ಹೊಸ ಮಾಲೀಕರ ಕೈ ಸೇರಿತು. 2023ರಲ್ಲಿ ಒಂದು ಭಾಗದ ಅಂಗಡಿಕಾರರು ಜಾಗ ಖಾಲಿ ಮಾಡಬೇಕಾಯಿತು. ಜನರನ್ನು ಕರೆತಂದು ಆ ಜಾಗಕ್ಕೆ ಬೆಲೆ ಬರುವಂತೆ ಮಾಡಿದವರು ಅವರೇ. 2025ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ವಲಸೆ ಇಲಾಖೆಯ ದಾಳಿಗಳು ನಡೆದಾಗ, ಸಿಕ್ಕಿಬೀಳುವ ಭಯದಿಂದ ಜನ ಮನೆಯಲ್ಲೇ ಉಳಿದು ಹಿಸ್ಪಾನಿಕ್ ಪ್ರದೇಶಗಳ ಅಂಗಡಿ ಬೀದಿಗಳು ಬಿಕೋ ಎಂದವು. ಒಂದೇ ಸಮುದಾಯವನ್ನು ನಂಬಿದ ವ್ಯಾಪಾರಕ್ಕೆ ಇಂತಹ ಅಪಾಯವೂ ಉಂಟು.

ಜಾಗದ ವಿಷಯದಲ್ಲಿ ಚೆನ್ನೈ ಕನ್ನಡಿಗರಿಗೂ ಅನುಭವ ಇದೆ. ಕೆಥೀಡ್ರಲ್ ರಸ್ತೆಯ ಮರಗಳ ನೆರಳಲ್ಲಿ 1962ರಿಂದ ನಡೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇದ್ದದ್ದು ಗುತ್ತಿಗೆಯ ನೆಲದಲ್ಲಿ. 2008ರಲ್ಲಿ ಅದು ಮುಚ್ಚಿತು. ಅಲ್ಲಿ ಈಗ ಇರುವುದು 2010ರಲ್ಲಿ ತೆರೆದ ಸೆಮ್ಮೊಳಿ ಪೂಂಗಾ, ಅಂದರೆ ಶಾಸ್ತ್ರೀಯ ಭಾಷೆಯ ಉದ್ಯಾನ. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದೂ ಡ್ರೈವ್-ಇನ್ ಮುಚ್ಚಿದ ಆ 2008ರಲ್ಲೇ ಎಂಬುದು ಕಾಕತಾಳೀಯ.

ಸ್ವಂತ ಸಭಾಂಗಣವುಳ್ಳ ಸಂಘಗಳಿಗೆ ಈ ಚಿಂತೆ ಇಲ್ಲ. ಅದಿಲ್ಲದ ಚಿಕ್ಕ ಸಂಘಗಳು ಅವುಗಳೊಂದಿಗೆ ಕೂಡಿ ನಡೆಸಬಹುದು. ಆರಂಭಿಸಲು ಸಂಕ್ರಾಂತಿಗಿಂತ ಒಳ್ಳೆಯ ಸಮಯವಿಲ್ಲ. ಚೆನ್ನೈನಲ್ಲಿ ಪೊಂಗಲ್ ವಾರದಲ್ಲಿ ಕಬ್ಬು, ಅರಿಶಿನದ ಗಿಡ ಬೀದಿ ಬೀದಿಯಲ್ಲಿ ಸಿಗುತ್ತದೆ. ಎಳ್ಳು ಬೆಲ್ಲದ ಮಿಶ್ರಣ, ಸಕ್ಕರೆ ಅಚ್ಚು ಬೇಕಾದವರು ಮಾತ್ರ ಬೆಂಗಳೂರಿನಿಂದ ಬರುವ ಯಾರ ಕೈಯಲ್ಲಾದರೂ ತರಿಸಿಕೊಳ್ಳುತ್ತಾರೆ. ಜನವರಿ ಮೊದಲ ಭಾನುವಾರ ಹತ್ತು ಮೇಜು ಹಾಕಿಸಲು ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು.